ಲಂಡನ್‌ನಲ್ಲಿ ತಿಂಗಳಿಗೆ ಎಷ್ಟು ಬೀಳುತ್ತೆ ಅಣ್ಣ?

ಸ್ವಲ್ಪ ಉದ್ದದ ಪೋಸ್ಟ್ ಇದು. ಪುರುಸೊತ್ತು ಮಾಡ್ಕೊಂಡು ಓದಿ. ಕೊನೆಯಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ, ಅದಕ್ಕೇ ಪೂರ್ತಿ ಓದಿ ಅಂತ ಕೇಳ್ತಿರೋದು.

ಫೆಬ್ರವರಿ 7ರಂದು ನಮ್ಮ ಲಗ್ಗೆರೆಯಲ್ಲಿ ರಮಾಬಾಯಿ ತಾಯಿಯ ಜಯಂತಿ ಮಾಡಿದ್ವಿ. ಕಾರ್ಯಕ್ರಮ ಮುಗಿದು ಹುಡುಗರು ಕುರ್ಚಿ ಒಂದರ ಮೇಲೊಂದು ಪೇರಿಸ್ತಾ ಇದ್ರು. ಪೀಣ್ಯದ ಒಂದು ಶೆಡ್‌ನಲ್ಲಿ ಇಪ್ಪತ್ತು ವರ್ಷದಿಂದ ಲೇಥ್ ಮಷಿನ್ ಮೇಲೆ ಕೆಲಸ ಮಾಡೋ ನಮ್ಮೋರೊಬ್ಬರು ಹತ್ತಿರ ಬಂದು, ಜೇಬಿನಿಂದ ಮಡಿಸಿದ ನೋಟ್‌ಬುಕ್ ಹಾಳೆ ತೆಗೆದ್ರು. ಮಗಳಿಗೆ ಲಂಡನ್ನಿನ ಒಂದು ವಿಶ್ವವಿದ್ಯಾಲಯದಿಂದ ಆಫರ್ ಲೆಟರ್ ಬಂದಿದೆ. ಹಾಳೆಯಲ್ಲಿ ಮೇಲಿಂದ ಕೆಳಗೆ ಪಟ್ಟಿ: ಫೀಸು, ವೀಸಾ, ಟಿಕೆಟ್, ಸ್ವೆಟರ್, ಪ್ರೆಶರ್ ಕುಕ್ಕರ್. ಕೊನೆಯ ಸಾಲಲ್ಲಿ "ತಿಂಗಳ ಖರ್ಚು" ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ರು.

"ಅಣ್ಣ, ಅಲ್ಲಿ ತಿಂಗಳಿಗೆ ಎಷ್ಟು ಬೀಳುತ್ತೆ? ನೀವು ಬಾಬಾಸಾಹೇಬರ ಬಗ್ಗೆ ಭಾಷಣದಲ್ಲಿ ಹೇಳ್ತೀರಲ್ಲ, ಅವರು ಹೆಂಗೆ ನಿಭಾಯಿಸಿದ್ರು?"

ನಿಜ ಹೇಳ್ತೀನಿ, ಆ ಕ್ಷಣಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷದಿಂದ ವೇದಿಕೆ ಮೇಲೆ ನಿಂತು "ಬಾಬಾಸಾಹೇಬರು ಬ್ರೆಡ್ ತುಂಡು ತಿಂದು ಓದಿದರು" ಅಂತ ಹೇಳಿದ್ದೀನಿ. ಚಪ್ಪಾಳೆ ಬಿದ್ದಿದೆ. ಆ ಬ್ರೆಡ್ ತುಂಡಿನ ಲೆಕ್ಕ ಏನು, ದುಡ್ಡು ಎಲ್ಲಿಂದ ಬಂತು, ಎಷ್ಟು ಸಾಲಲಿಲ್ಲ, ಅದನ್ನ ಯಾವತ್ತೂ ಕೂತು ನೋಡಿರಲಿಲ್ಲ. ಹಸಿವನ್ನ ನಾವು ಪವಾಡ ಮಾಡಿಬಿಟ್ಟಿದ್ದೀವಿ. ಪವಾಡ ಮಾಡಿದ ಮೇಲೆ ಲೆಕ್ಕ ಯಾರೂ ಕೇಳಲ್ಲ. ಆ ಅಪ್ಪ ಕೇಳಿದ. ಅವತ್ತಿನಿಂದ ಕೂತು ಓದಿದ್ದನ್ನ ಇಲ್ಲಿ ಹಾಕ್ತಿದ್ದೀನಿ.

*

ಮೊದಲು ಶುರುವಾಗೋದು ಲಂಡನ್ ಅಲ್ಲ, ನ್ಯೂಯಾರ್ಕ್. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ಬಾಬಾಸಾಹೇಬರಿಗೆ ಮೂರು ವರ್ಷಕ್ಕೆ ವಿದ್ಯಾರ್ಥಿವೇತನ ಕೊಟ್ಟರು. ತಿಂಗಳಿಗೆ ಹನ್ನೊಂದೂವರೆ ಪೌಂಡ್. ಆಗಿನ ದರ ಒಂದು ಪೌಂಡ್‌ಗೆ 15 ರೂಪಾಯಿ. ಅಂದ್ರೆ ತಿಂಗಳಿಗೆ 172 ರೂಪಾಯಿ ಚಿಲ್ಲರೆ. ಇದರಲ್ಲೇ ಊಟ, ಬಾಡಿಗೆ, ಪುಸ್ತಕ. ಇದರಲ್ಲೇ ಮುಂಬೈಗೆ ಮನೆಖರ್ಚಿಗೆ ಕಳಿಸಬೇಕು. ತಂದೆ ರಾಮಜಿ ಅದೇ ವರ್ಷ ತೀರಿಕೊಂಡಿದ್ದರು. ಪರೇಲ್‌ನ ಬಿಐಟಿ ಚಾಳದ ಎರಡು ಕೋಣೆಗಳಲ್ಲಿ ಇಡೀ ಕುಟುಂಬ. ವಿದ್ಯಾರ್ಥಿವೇತನ ಪುಕ್ಕಟೆಯೂ ಅಲ್ಲ. ಓದು ಮುಗಿದ ಮೇಲೆ ಬರೋಡಾ ಸಂಸ್ಥಾನದಲ್ಲಿ ಹತ್ತು ವರ್ಷ ಕೆಲಸ ಮಾಡ್ತೀನಿ ಅಂತ ಕರಾರು ಬರೆದುಕೊಟ್ಟು ಹಡಗು ಹತ್ತಿದ್ದು.

1916ರಲ್ಲಿ ಕೊಲಂಬಿಯಾದಿಂದ ಲಂಡನ್‌ಗೆ ಬಂದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸೇರಿದರು, ಬ್ಯಾರಿಸ್ಟರ್ ಓದಲು ಗ್ರೇಸ್ ಇನ್‌ನಲ್ಲೂ ಹೆಸರು ಬರೆಸಿದರು. ಎಲ್‌ಎಸ್‌ಇಯಲ್ಲಿ ಆಗ ಆ ಕೋರ್ಸಿನ ಫೀಸು 10 ಪೌಂಡ್ 10 ಶಿಲ್ಲಿಂಗ್. ಅವರ ಒಂದು ತಿಂಗಳ ವಿದ್ಯಾರ್ಥಿವೇತನಕ್ಕಿಂತ ಕಮ್ಮಿ! ಇವತ್ತು ಅದೇ ಸಂಸ್ಥೆಯಲ್ಲಿ ಹೊರದೇಶದ ವಿದ್ಯಾರ್ಥಿಗೆ ಹೆಚ್ಚಿನ ಸ್ನಾತಕೋತ್ತರ ಕೋರ್ಸುಗಳ ಫೀಸು 20,000 ಪೌಂಡ್ ದಾಟುತ್ತೆ. ಇದನ್ನ ನೆನಪಿಟ್ಕೊಳಿ. ಅವರ ಕಾಲದಲ್ಲಿ ಬಾಗಿಲಿನ ಬೆಲೆ ಚಿಕ್ಕದು, ಒಳಗೆ ಬದುಕೋ ಬೆಲೆ ದೊಡ್ಡದು. ಈಗ ಎರಡೂ ದೊಡ್ಡದೇ.

ಒಂದು ವರ್ಷ ತುಂಬೋದರೊಳಗೆ ವಿದ್ಯಾರ್ಥಿವೇತನದ ಅವಧಿ ಮುಗೀತು, ಬರೋಡಾದಿಂದ ವಾಪಸ್ ಬಾ ಅಂತ ಕರೆ ಬಂತು. ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಬಹುದು ಅಂತ ವಿಶ್ವವಿದ್ಯಾಲಯದಿಂದ ಅನುಮತಿ ಬರೆಸಿಕೊಂಡು 1917ರಲ್ಲಿ ಹೊರಟರು. ಮೊದಲನೇ ಮಹಾಯುದ್ಧದ ಕಾಲ. ಅವರ ಪುಸ್ತಕಗಳು ಬೇರೆ ಹಡಗಿನಲ್ಲಿ ಬರ್ತಿದ್ವು. ಜರ್ಮನ್ ಸಬ್‌ಮರೀನ್ ಆ ಹಡಗನ್ನ ಹೊಡೆದು ಮುಳುಗಿಸಿತು. ಹೊಟ್ಟೆ ಕಟ್ಟಿ ಕೊಂಡ ಪುಸ್ತಕಗಳು ಸಮುದ್ರದ ಪಾಲಾದವು.

*

ಇಲ್ಲಿಂದ ಬರೋಡಾ. ಈ ಭಾಗ ನಿಮಗೆಲ್ಲ ಗೊತ್ತಿರೋದೇ. ಆದರೆ ಇವತ್ತು ಬಾಡಿಗೆ ಲೆಕ್ಕದಲ್ಲಿ ಓದಿ.

ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯ. ಬರೋಡಾದ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ನೌಕರಿ. ಕೈಯಲ್ಲಿ ಸಂಬಳ ಇದೆ, ಉಳಿಯೋಕೆ ಜಾಗ ಇಲ್ಲ. ಹಿಂದೂ ಹೋಟೆಲುಗಳು ಸೇರಿಸಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ, ದಿನಕ್ಕೆ ಊಟ ವಸತಿ ಸೇರಿ ಒಂದೂವರೆ ರೂಪಾಯಿಗೆ, ಪಾರ್ಸಿ ಹೆಸರು ಬರೆಸಿ ಸೇರಿಕೊಂಡರು. ಕತ್ತಲೆ ಹಾಲ್, ಬೇರೆ ಯಾರೂ ಇಲ್ಲ, ಮೂಲೆಯಲ್ಲಿ ಹಳೇ ಸಾಮಾನು. ಹನ್ನೊಂದನೇ ದಿನ ಬೆಳಿಗ್ಗೆ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದರು. ಸಂಜೆಯೊಳಗೆ ಖಾಲಿ ಮಾಡು ಅಂದರು. ಅವರು ಇಬ್ಬರು ಗೆಳೆಯರ ಹತ್ತಿರ ಜಾಗ ಕೇಳಿದರು. ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಹಿಂದೂ ಗೆಳೆಯ, ನೀನು ಬಂದ್ರೆ ಮನೆ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಕ್ರೈಸ್ತ ಗೆಳೆಯ, ಹೆಂಡತಿಯನ್ನ ಕೇಳಿ ಹೇಳ್ತೀನಿ ಅಂದ. ಕಾಮಾಟಿ ಬಾಗ್ ಉದ್ಯಾನದಲ್ಲಿ ಕೂತು ಹೊತ್ತು ಕಳೆದು, ರಾತ್ರಿ ರೈಲಿಗೆ ಮುಂಬೈ ಸೇರಿದರು. ಇದನ್ನ ಅವರೇ ಬರೆದಿದ್ದಾರೆ. ಹದಿನೇಳು ಹದಿನೆಂಟು ವರ್ಷ ಕಳೆದ ಮೇಲೆ ಬರೆಯುವಾಗಲೂ ಕಣ್ಣೀರಿಲ್ಲದೆ ನೆನೆಯಲು ಆಗಲಿಲ್ಲ ಅವರಿಗೆ.

ಈಗ ಎರಡು ಊರನ್ನ ಪಕ್ಕಪಕ್ಕ ಇಟ್ಟು ನೋಡಿ. ಲಂಡನ್‌ನಲ್ಲಿ ದುಡ್ಡು ಇರಲಿಲ್ಲ, ಆದರೆ ಬಾಡಿಗೆ ಕೊಟ್ಟರೆ ಅವರ ಸ್ವಂತ ಹೆಸರಲ್ಲೇ ಕೋಣೆ ಸಿಗ್ತಿತ್ತು. ಬರೋಡಾದಲ್ಲಿ ದುಡ್ಡಿತ್ತು, ಸ್ವಂತ ಹೆಸರಲ್ಲಿ ಕೋಣೆ ಇರಲಿಲ್ಲ. ಲಂಡನ್ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅದು ನಮ್ಮನ್ನ ಆಳ್ತಿದ್ದ ಊರು, ಬಣ್ಣ ನೋಡಿ ಬಾಗಿಲು ಹಾಕೋ ಮನೆಯೊಡತಿಯರು ಅಲ್ಲೂ ಇದ್ದರು. ಆದರೆ ಜಾತಿ ಅನ್ನೋ ಖರ್ಚಿನ ಬಾಬ್ತು ಅಲ್ಲಿನ ಲೆಕ್ಕದಲ್ಲಿ ಇರಲಿಲ್ಲ. ಅಮೆರಿಕ, ಯುರೋಪಿನಲ್ಲಿ ಕಳೆದ ವರ್ಷಗಳು ತಾನು ಅಸ್ಪೃಶ್ಯ ಅನ್ನೋದನ್ನೇ ಮರೆಸಿಬಿಟ್ಟಿದ್ದವು ಅಂತ ಅವರು ಬರೆದಿರೋದು ಇದಕ್ಕೇ.

ಜೀವನ ವೆಚ್ಚ ಅಂದ್ರೆ ಅಕ್ಕಿ, ಬೇಳೆ, ಬಾಡಿಗೆ, ಬಸ್ ಚಾರ್ಜು ಅಂತ ಸರ್ಕಾರದವರು ಪಟ್ಟಿ ಮಾಡ್ತಾರೆ. ಆ ಪಟ್ಟಿಯಲ್ಲಿ ಯಾವತ್ತೂ ಬರದ ಒಂದು ಬಾಬ್ತು ನಮ್ಮ ಜನಕ್ಕೆ ಇದೆ. ಲಗ್ಗೆರೆ, ರಾಜಗೋಪಾಲನಗರ, ಹೆಗ್ಗನಹಳ್ಳಿ ಸುತ್ತಮುತ್ತ ಮನೆ ಹುಡುಕಿದವರಿಗೆ ಕೇಳಿ. "ಟು ಲೆಟ್" ಬೋರ್ಡ್ ನೋಡಿ ಒಳಗೆ ಹೋಗ್ತೀರಿ. ಮನೆ ತೋರಿಸ್ತಾರೆ, ನೀರು ಬಿಡೋ ಟೈಮ್ ಹೇಳ್ತಾರೆ, ಅಡ್ವಾನ್ಸ್ ಮಾತಾಡ್ತಾರೆ. ಕೊನೆಯಲ್ಲಿ ನಗುನಗ್ತಾ ಒಂದು ಪ್ರಶ್ನೆ: "ನೀವು ಯಾವ ಜನ?" ಅಷ್ಟು ನೇರ ಕೇಳೋಕೆ ಸಂಕೋಚ ಆದವರು "ಮನೆದೇವ್ರು ಯಾವ್ದು?", "ನಾನ್‌ವೆಜ್ಜಾ?" ಅಂತಾರೆ. ಉತ್ತರ ಹೇಳಿದ ಮೇಲೆ, "ಊರಿಂದ ನಮ್ಮ ತಮ್ಮ ಬರ್ತಾನಂತೆ, ಮನೆ ಅವನಿಗೆ ಬೇಕಂತೆ."

ನಾನೇ ಮದುವೆಯಾದ ಹೊಸದರಲ್ಲಿ ಏಳು ಮನೆ ನೋಡಿದ್ದೀನಿ. ಎಂಟನೆಯದು ಸಿಕ್ತು. ಶೀಟ್ ಮನೆ. ಪಕ್ಕದ ಬೀದಿಯ ಆರ್‌ಸಿಸಿ ಮನೆಗಿಂತ ಬಾಡಿಗೆ ಜಾಸ್ತಿ. ಬೇರೆ ಕಡೆ ಸಿಗಲ್ಲ ಅಂತ ಮಾಲೀಕನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಜಾಸ್ತಿ ದುಡ್ಡಿಗೆ ಒಂದು ಹೆಸರು ಇಡಬೇಕು ಅಂದ್ರೆ ಅದು ಜಾತಿ ಬಾಡಿಗೆ. ಸಂಬಳದಲ್ಲಿ ಅದಕ್ಕೆ ಭತ್ಯೆ ಇಲ್ಲ.

*

ಮತ್ತೆ 1920ಕ್ಕೆ ಬನ್ನಿ. ಬರೋಡಾ ಬಿಟ್ಟ ಮೇಲೆ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ತಿಂಗಳ ಸಂಬಳ 450 ರೂಪಾಯಿ. ಆ ಕಾಲಕ್ಕೆ ದೊಡ್ಡ ಸಂಬಳ. ಸೂಟು ಬೂಟು, ಬಂಗಲೆ ಅಂತ ಬದುಕಬಹುದಿತ್ತು. ಆದರೆ ಚಾಳದ ಅದೇ ಎರಡು ಕೋಣೆಗಳಲ್ಲೇ ಉಳಿದು, ಮನೆಖರ್ಚಿಗೆ ಇಷ್ಟು ಅಂತ ರಮಾಬಾಯಿ ತಾಯಿಯ ಕೈಗೆ ಕೊಟ್ಟು, ಉಳಿದದ್ದು ಕೂಡಿಟ್ಟರು. 1920ರ ಜುಲೈನಲ್ಲಿ ಮತ್ತೆ ಲಂಡನ್‌ಗೆ ಹೊರಟಾಗ ಅವರ ಬಂಡವಾಳ ಮೂರು ಕಡೆಯಿಂದ ಬಂದದ್ದು: ಸ್ವಂತ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಕೊಲಂಬಿಯಾ ಕಾಲದ ಗೆಳೆಯ ನವಲ್ ಭಥೇನಾ ಕೊಟ್ಟ 5,000 ರೂಪಾಯಿ ಸಾಲ. ಭಥೇನಾ ಪಾರ್ಸಿ. ಬರೋಡಾದಲ್ಲಿ ದೊಣ್ಣೆ ಹಿಡಿದು ಬಂದವರೂ ಪಾರ್ಸಿಗಳೇ. ಜನಾಂಗದ ಮೇಲೆ ದ್ವೇಷ ಕಟ್ಟದೆ ಮನುಷ್ಯರನ್ನ ಮನುಷ್ಯರಾಗಿ ನೋಡೋದನ್ನ ಬಾಬಾಸಾಹೇಬರಿಂದಲೇ ಕಲಿಯಬೇಕು.

ಅವರು ಲಂಡನ್‌ನಲ್ಲಿ ಇಳಿದದ್ದು ಎಂಥಾ ಹೊತ್ತಿನಲ್ಲಿ ಗೊತ್ತಾ? ಬ್ರಿಟನ್ನಿನ ಕಾರ್ಮಿಕ ಇಲಾಖೆ 1914ರ ಜುಲೈ ಬೆಲೆಯನ್ನ 100 ಅಂತಿಟ್ಟು ಜೀವನ ವೆಚ್ಚದ ಸೂಚ್ಯಂಕ ಲೆಕ್ಕ ಹಾಕ್ತಿತ್ತು. 1920ರ ನವೆಂಬರ್‌ನಲ್ಲಿ ಅದು 276 ಮುಟ್ಟಿತು. ಯುದ್ಧಕ್ಕೆ ಮುಂಚೆ ಒಂದು ಪೌಂಡ್‌ಗೆ ಬರ್ತಿದ್ದ ಸಾಮಾನಿಗೆ ಎರಡೂ ಮುಕ್ಕಾಲು ಪೌಂಡ್. ಅದೇ ಅತಿ ಎತ್ತರದ ಮಟ್ಟ, ಆಮೇಲೆ ಇಳೀತು. ನಮ್ಮ ವಿದ್ಯಾರ್ಥಿ ಸರಿಯಾಗಿ ಆ ಬೆಲೆಯ ತುದಿಯಲ್ಲೇ ಹೋಗಿ ಇಳಿದಿದ್ದ.

ಇನ್ನೊಂದು ಕಡೆ ರೂಪಾಯಿ. ಯುದ್ಧಕ್ಕೆ ಮುಂಚೆ ರೂಪಾಯಿಗೆ 1 ಶಿಲ್ಲಿಂಗ್ 4 ಪೆನ್ಸ್. 1920ರ ಶುರುವಿನಲ್ಲಿ ಬ್ಯಾಬಿಂಗ್ಟನ್ ಸ್ಮಿತ್ ಸಮಿತಿ ಹೇಳಿತು ಅಂತ ಸರ್ಕಾರ ಅದನ್ನ 2 ಶಿಲ್ಲಿಂಗ್‌ಗೆ ಏರಿಸಿ ನಿಲ್ಲಿಸೋಕೆ ಹೊರಟಿತು. ನಿಲ್ಲಲಿಲ್ಲ. ವರ್ಷ ತಿರುಗೋದರೊಳಗೆ ಹಳೇ ದರಕ್ಕಿಂತ ಕೆಳಗೆ ಬಿತ್ತು. ಇದು ಪುಸ್ತಕದ ವಿಷಯ ಅನ್ಸಬಹುದು. ಲೆಕ್ಕ ಮಾಡಿ ನೋಡಿ: 5,000 ರೂಪಾಯಿಯನ್ನ 2 ಶಿಲ್ಲಿಂಗ್ ದರದಲ್ಲಿ ಬದಲಿಸಿದರೆ 500 ಪೌಂಡ್. ಅದೇ 5,000ವನ್ನ 1 ಶಿಲ್ಲಿಂಗ್ 4 ಪೆನ್ಸ್ ದರದಲ್ಲಿ ಬದಲಿಸಿದರೆ 333 ಪೌಂಡ್. ಒಂದೇ ಸಾಲ, ಒಂದೇ ಹಸಿವು, ನಡುವೆ 167 ಪೌಂಡ್ ಮಾಯ. ಊರಿಂದ ಬರೋ ರೂಪಾಯಿ ನಂಬಿ ಲಂಡನ್‌ನಲ್ಲಿ ಬದುಕ್ತಿದ್ದ ಪ್ರತಿಯೊಬ್ಬ ಭಾರತೀಯ ವಿದ್ಯಾರ್ಥಿಗೂ ಆ ದರದ ಏರಿಳಿತ ಅಂದ್ರೆ ತಟ್ಟೆಯಲ್ಲಿನ ಅನ್ನದ ಏರಿಳಿತ.

ಅವರು ಅಲ್ಲಿ ಕೂತು ಬರೆದ ಸಂಶೋಧನೆಯ ವಿಷಯ ಏನು? ರೂಪಾಯಿಯ ಸಮಸ್ಯೆ! 1923ರಲ್ಲಿ ಲಂಡನ್‌ನಲ್ಲೇ ಅದು ಪುಸ್ತಕವಾಗಿ ಬಂತು. ಹಸಿವಿನಿಂದಲೇ ಆ ವಿಷಯ ಹುಟ್ಟಿತು ಅಂತ ನಾನು ಹೇಳಲ್ಲ, ಅರ್ಥಶಾಸ್ತ್ರದ ಮೇಲಿನ ಅವರ ಆಸಕ್ತಿ ಅದಕ್ಕಿಂತ ಹಳೆಯದು. ಆದರೆ ಹಗಲು ಲೈಬ್ರರಿಯಲ್ಲಿ ರೂಪಾಯಿಯ ಚರಿತ್ರೆ ಓದಿ, ರಾತ್ರಿ ಕೋಣೆಗೆ ಬಂದು ಅದೇ ರೂಪಾಯಿಯ ಪೆಟ್ಟು ತಿಂದವರು ಅವರು.

ಆ ಪುಸ್ತಕದಿಂದಲೇ ರಿಸರ್ವ್ ಬ್ಯಾಂಕ್ ಹುಟ್ಟಿತು ಅಂತ ವಾಟ್ಸಾಪ್‌ನಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಮೆಸೇಜ್ ಓಡಾಡುತ್ತೆ. ಅಷ್ಟು ಸರಳ ಇಲ್ಲ ಬಂಧುಗಳೇ. ಅವರು ನಿಜವಾಗಿ ಹೇಳಿದ್ದು ಅದಕ್ಕಿಂತ ದೊಡ್ಡದು. ಪೌಂಡ್ ಜೊತೆ ರೂಪಾಯಿಯ ದರ ಸ್ಥಿರವಾಗಿದ್ದರೆ ಸಾಲದು, ರೂಪಾಯಿಗೆ ಎಷ್ಟು ಸಾಮಾನು ಬರುತ್ತೆ ಅನ್ನೋದು ಸ್ಥಿರವಾಗಿರಬೇಕು ಅಂದರು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಹೋಗಿ ಸಾಕ್ಷಿ ನುಡಿದರು. ರೂಪಾಯಿ ಬೆಲೆ ಇಳಿದರೆ ರಫ್ತು ವ್ಯಾಪಾರಿಗೆ ಲಾಭ ಅಂತೀರಲ್ಲ, ಆ ಲಾಭ ಎಲ್ಲಿಂದ ಬರುತ್ತೆ? ಸಾಮಾನಿನ ಬೆಲೆ ಏರಿದಷ್ಟು ಬೇಗ ಕೂಲಿ ಏರಲ್ಲ, ಹಾಗಾಗಿ ಅದು ಕೂಲಿಕಾರನ ಜೇಬಿನಿಂದಲೇ ಬರುತ್ತೆ. ಅವರ ವಾದದ ತಿರುಳು ಇದು. ಪೀಣ್ಯದ ಯಾವ ಕಾರ್ಮಿಕನಿಗೆ ಬೇಕಾದರೂ ಇದನ್ನ ಹೇಳಿ, ಅರ್ಧ ನಿಮಿಷದಲ್ಲಿ ಅರ್ಥ ಆಗುತ್ತೆ.

*

ಇನ್ನು ಊಟ. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಆ ಬೋರ್ಡಿಂಗ್ ಮನೆಯ ಚಿತ್ರ ಇದೆ. ಬೆಳಿಗ್ಗೆ ಬೋರ್ಡಿಂಗ್‌ನವರು ಕೊಡೋ ಅಳತೆಯ ಉಪಾಹಾರ, ಒಂದು ಬ್ರೆಡ್ ತುಂಡಿನ ಸುತ್ತ. ಬಾಗಿಲು ತೆಗೆಯೋ ಹೊತ್ತಿಗೇ ಬ್ರಿಟಿಷ್ ಮ್ಯೂಸಿಯಂ ಲೈಬ್ರರಿ. ಮಧ್ಯಾಹ್ನದ ಊಟ ಇಲ್ಲ. ಸಂಜೆ ವಾಪಸ್ ಬಂದಮೇಲೆ ಒಂದು ಕಪ್ ಬೋವ್ರಿಲ್. ಬೋವ್ರಿಲ್ ಅಂದ್ರೆ ದನದ ಮಾಂಸದ ಸಾರವನ್ನ ಬಿಸಿನೀರಿಗೆ ಕಲಸಿ ಕುಡಿಯೋದು, ಅಲ್ಲಿನ ಬಡವರ ಸೂಪು. ಓದ್ತಾ ಓದ್ತಾ ರಾತ್ರಿ ಹಸಿವಾದ್ರೆ ಪರಿಚಯದವರೊಬ್ಬರು ಕೊಟ್ಟಿದ್ದ ಹಪ್ಪಳದ ಕಟ್ಟಿನಿಂದ ಮೂರೋ ನಾಲ್ಕೋ ಹಪ್ಪಳ ಸುಟ್ಟುಕೊಂಡು ತಿನ್ನೋದು.

ಹಪ್ಪಳ. ಈ ಒಂದು ವಿಷಯಕ್ಕೆ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಹುಡುಗರು ಹಾಸ್ಟೆಲ್‌ಗೆ ಹೊರಡುವಾಗ ತಾಯಂದಿರು ಡಬ್ಬಿಗೆ ಚಟ್ನಿಪುಡಿ ತುಂಬ್ತಾರಲ್ಲ, ಅದೇ.

ಹಡಗಿನ ಆಚೆ ದಂಡೆಯಲ್ಲಿ ರಮಾಬಾಯಿ ತಾಯಿ. ಇಲ್ಲಿಗೆ ಕಳಿಸೋಕೆ ಅಲ್ಲಿ ದುಡ್ಡಿಲ್ಲ. ಅಲ್ಲಿಗೆ ಕಷ್ಟ ಬರೆಯೋಕೆ ಇಲ್ಲಿ ಮನಸ್ಸಿಲ್ಲ. ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬನೇ. ಉಳಿದವರು ಎಳೆವಯಸ್ಸಲ್ಲೇ ಹೋದರು. ಲಂಡನ್ನಿನ ಜೀವನ ವೆಚ್ಚವನ್ನ ಪೌಂಡ್‌ನಲ್ಲಿ ಬರೆದಿಟ್ಟವರು ಇದ್ದಾರೆ. ಪರೇಲ್‌ನಲ್ಲಿ ಬಿದ್ದ ಖರ್ಚನ್ನ ಬರೆದವರಿಲ್ಲ. ತಾಯಿ ತೀರಿಕೊಂಡದ್ದು 1935ರ ಮೇ 27. ಐದಾರು ವರ್ಷದ ನಂತರ ಬಂದ ಪಾಕಿಸ್ತಾನದ ಕುರಿತ ಪುಸ್ತಕವನ್ನ ಬಾಬಾಸಾಹೇಬರು "ರಾಮು"ವಿನ ನೆನಪಿಗೆ ಅರ್ಪಿಸಿದರು, ತನ್ನ ಜೊತೆ ಕಷ್ಟ ಉಂಡ ತಾಳ್ಮೆಯನ್ನ ನೆನೆದು. ಜಯಂತಿ ದಿನ ನಾವು ಆಕೆಯನ್ನ ತ್ಯಾಗಮೂರ್ತಿ ಅಂತೀವಿ. ಆಕೆಯೂ ಆ ಪದವಿಗೆ ಸಹಿ ಹಾಕಿದ ಸಾಲಗಾರ್ತಿ ಅಂತ ನನಗೆ ಈಗ ಅನ್ಸುತ್ತೆ.

1921ರಲ್ಲಿ ಎಂಎಸ್‌ಸಿ, 1922ರಲ್ಲಿ ಬ್ಯಾರಿಸ್ಟರ್, 1923ರ ಕೊನೆಗೆ ಡಿಎಸ್‌ಸಿ. ನಡುವೆ ಪ್ರಬಂಧ ತಿದ್ದಬೇಕು ಅಂತ ಪರೀಕ್ಷಕರು ಹೇಳಿದಾಗ ಲಂಡನ್‌ನಲ್ಲಿ ಉಳಿದು ತಿದ್ದೋಕೆ ಕೈಯಲ್ಲಿ ದುಡ್ಡಿರಲಿಲ್ಲ. 1923ರಲ್ಲಿ ಮುಂಬೈಗೆ ಬಂದು, ಇಲ್ಲಿಂದ ತಿದ್ದಿ ಕಳಿಸಿದರು.

ಅವರು 1921-22ರಲ್ಲಿ ಬಾಡಿಗೆಗಿದ್ದ ಮನೆ, ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರ್, ಇವತ್ತು ಸ್ಮಾರಕ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನ ಸುಮಾರು 31 ಲಕ್ಷ ಪೌಂಡ್‌ಗೆ ಕೊಂಡಿತು ಅಂತ ವರದಿಯಾಗಿತ್ತು. ಮ್ಯೂಸಿಯಂ ಮಾಡಲು ಹೊರಟಾಗ ಕೆಲವು ನೆರೆಯವರು ತಕರಾರು ತೆಗೆದರು, ಅಲ್ಲಿನ ಸ್ಥಳೀಯ ಆಡಳಿತ ಅನುಮತಿ ನಿರಾಕರಿಸಿತು, ವಿಚಾರಣೆ ಆಗಿ 2020ರ ಮಾರ್ಚ್‌ನಲ್ಲಿ ಅನುಮತಿ ಸಿಕ್ತು. ಬದುಕಿದ್ದಾಗ ಬಾಡಿಗೆಗೆ ಒದ್ದಾಡಿದ ಮನುಷ್ಯನ ನೆನಪಿಗೂ ಮನೆ ಸಿಗೋದು ಸುಲಭ ಆಗಲಿಲ್ಲ ನೋಡಿ.

*

ಹಸಿವಿನ ನೆನಪನ್ನ ಅವರು ಕಥೆ ಮಾಡಿಕೊಂಡು ಕೂರಲಿಲ್ಲ, ಕಾನೂನು ಮಾಡಿದರು. ಇದನ್ನ ನಾವು ಕಮ್ಮಿ ಹೇಳ್ತೀವಿ. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ ಕಾರ್ಖಾನೆ ಕೆಲಸದ ಮಿತಿ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳೀತು. ಅದೇ ವರ್ಷ ಕನಿಷ್ಠ ವೇತನ ಮಸೂದೆಯನ್ನ ಸಭೆಯಲ್ಲಿ ಮಂಡಿಸಿದರು, 1948ರಲ್ಲಿ ಅದು ಕಾಯ್ದೆ ಆಯ್ತು. ಬೆಲೆ ಏರಿದಂತೆ ಕೂಲಿಯೂ ಏರಬೇಕು ಅನ್ನೋ ತತ್ವದ ಮೇಲೇ ಇವತ್ತು ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ತುಟ್ಟಿಭತ್ಯೆ ಬರೋದು.

ಬರೋದು ಅಂದೆ. 2020ರ ಏಪ್ರಿಲ್‌ನಿಂದ ಏನಾಯ್ತು ಅಂತ ಪೀಣ್ಯದವರಿಗೆ ನೆನಪಿದೆ. ತಿಂಗಳಿಗೆ 417 ರೂಪಾಯಿ ಏರಬೇಕಿದ್ದ ತುಟ್ಟಿಭತ್ಯೆಯನ್ನ ಕೋವಿಡ್ ಹೆಸರಲ್ಲಿ ಸರ್ಕಾರ ಮುಂದೂಡಿತು. ಹೈಕೋರ್ಟ್ ಅದನ್ನ ತಡೆದ ಮೇಲೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ಕರ್ನಾಟಕದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರ ಕೂಲಿ ಅದು. ಕಾರ್ಮಿಕ ಸಂಘಟನೆಗಳ ಹೋರಾಟ, ಹೊರದೇಶದ ಒತ್ತಡ ಎರಡೂ ಸೇರಿದ ಮೇಲೆ ಬಾಕಿ ಕೊಡೋ ಮಾತು ಬಂತು. ಆ ಮಷಿನ್‌ಗಳಲ್ಲಿ ಹೊಲಿದ ಬಟ್ಟೆಗಳಲ್ಲಿ ಒಂದಷ್ಟು ಅದೇ ಬ್ರಿಟನ್ ದ್ವೀಪದ ಅಂಗಡಿಗಳಿಗೆ ಹೋಗ್ತವೆ. ನಮ್ಮ ಅಕ್ಕ ಹೊಲಿದ ಶರ್ಟು ವೀಸಾ ಇಲ್ಲದೆ ಲಂಡನ್ ಸೇರುತ್ತೆ. ಅವಳ ಮಗಳು ಸೇರಬೇಕಾದರೆ ಬ್ಯಾಂಕ್ ಖಾತೆ ತೋರಿಸಬೇಕು.

ಇನ್ನೊಂದು ಮಾತು. ಜಾತಿ ಈಗ ಆ ದ್ವೀಪಕ್ಕೂ ನಮ್ಮೋರ ಸೂಟ್‌ಕೇಸಲ್ಲೇ ಹೋಗಿದೆ. ಬಿಹಾರದ ಒಬ್ಬ ಆದಿವಾಸಿ ಹೆಣ್ಣುಮಗಳನ್ನ ಭಾರತೀಯ ಮೂಲದ ಕುಟುಂಬ ಇಂಗ್ಲೆಂಡ್‌ಗೆ ಮನೆಗೆಲಸಕ್ಕೆ ಕರ್ಕೊಂಡು ಹೋಗಿ, ಗಂಟೆಗೆ 11 ಪೆನ್ಸ್ ಲೆಕ್ಕದಲ್ಲಿ ದುಡಿಸಿಕೊಂಡಿತ್ತು. ನೆಲದ ಮೇಲೆ ಹಾಸಿಗೆ, ದಿನಕ್ಕೆ ಹದಿನೆಂಟು ಗಂಟೆ ಕೆಲಸ. 2015ರಲ್ಲಿ ಅಲ್ಲಿನ ಕಾರ್ಮಿಕ ನ್ಯಾಯಮಂಡಳಿ ಆಕೆಗೆ ಸುಮಾರು 1 ಲಕ್ಷ 84 ಸಾವಿರ ಪೌಂಡ್ ಬಾಕಿ ವೇತನ ಕೊಡಿಸಿತು. ಜಾತಿ ತಾರತಮ್ಯವನ್ನ ಸಮಾನತಾ ಕಾಯ್ದೆಗೆ ಸ್ಪಷ್ಟವಾಗಿ ಸೇರಿಸಬೇಕು ಅಂತ ಬ್ರಿಟಿಷ್ ಸಂಸತ್ತು 2013ರಲ್ಲಿ ಹೇಳಿತ್ತು. 2018ರಲ್ಲಿ ಅಲ್ಲಿನ ಸರ್ಕಾರ, ಬೇಡ, ಕೋರ್ಟ್ ತೀರ್ಪುಗಳೇ ಸಾಕು ಅಂತ ಕೈತೊಳೆದುಕೊಂಡಿತು. ಹಾಗಾಗಿ ಲಂಡನ್‌ನಲ್ಲಿ ಭಾರತೀಯರ ಮನೆಯಲ್ಲಿ ಕೋಣೆ ಹುಡುಕೋ ನಮ್ಮ ಮಗುವಿಗೆ "ಸರ್‌ನೇಮ್ ಏನಮ್ಮ?" ಅನ್ನೋ ಪ್ರಶ್ನೆ ಅಲ್ಲೂ ಕಾಯ್ತಿರಬಹುದು.

*

ಈಗ ಆ ಹಾಳೆಯ ಖಾಲಿ ಸಾಲಿಗೆ ಬರೋಣ.

ಬ್ರಿಟನ್ ಸರ್ಕಾರವೇ ವಿದ್ಯಾರ್ಥಿ ವೀಸಾಕ್ಕೆ ಒಂದು ಲೆಕ್ಕ ಇಟ್ಟಿದೆ. 2025ರ ಜನವರಿಯಲ್ಲಿ ನಿಗದಿಯಾದ ಪ್ರಕಾರ ಲಂಡನ್‌ನಲ್ಲಿ ತಿಂಗಳಿಗೆ 1,483 ಪೌಂಡ್, ಲಂಡನ್ ಹೊರಗೆ 1,136 ಪೌಂಡ್ ಇತ್ತು. ಒಂಬತ್ತು ತಿಂಗಳ ಮೊತ್ತ, ಅಂದ್ರೆ ಲಂಡನ್‌ಗಾದರೆ 13,347 ಪೌಂಡ್, 28 ದಿನ ಅಲುಗಾಡದೆ ಖಾತೆಯಲ್ಲಿ ಇರಬೇಕಿತ್ತು. ಪೌಂಡ್ ಈಗ ನೂರು ರೂಪಾಯಿ ದಾಟಿದೆ. ಫೀಸು ಬೇರೆ. ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಬೇರೆ. ಲೇಥ್ ಆಪರೇಟರ್ ಖಾತೆಯಲ್ಲಿ ಹದಿಮೂರು ಲಕ್ಷಕ್ಕಿಂತ ಹೆಚ್ಚು ದುಡ್ಡು 28 ದಿನ ಅಲ್ಲ, 28 ನಿಮಿಷ ನಿಂತಿದ್ದನ್ನ ಯಾರಾದರೂ ನೋಡಿದ್ದೀರಾ?

ವಿದ್ಯಾರ್ಥಿವೇತನ ಇದೆಯಲ್ಲ ಅಂತೀರಿ. ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1950ರ ದಶಕದಿಂದ ಇದೆ. ಸಿಕ್ಕರೆ ಫೀಸು, ವೀಸಾ, ವಿಮಾನದ ಖರ್ಚು ಕೊಡ್ತಾರೆ, ಅದು ಸಣ್ಣ ವಿಷಯ ಅಲ್ಲ. ಆದರೆ ಬ್ರಿಟನ್‌ನಲ್ಲಿ ಬದುಕೋಕೆ ನಿಗದಿ ಮಾಡಿರೋ ಜೀವನಾಧಾರ ಭತ್ಯೆ ವರ್ಷಕ್ಕೆ 9,900 ಪೌಂಡ್. ತಿಂಗಳಿಗೆ 825. ಪುಸ್ತಕ ಇತ್ಯಾದಿಗೆ ಕೊಡೋ 1,100 ಪೌಂಡನ್ನೂ ಹೊಟ್ಟೆಗೇ ಹಾಕಿದರೂ ತಿಂಗಳಿಗೆ 917 ಮುಟ್ಟಲ್ಲ. ಲಂಡನ್‌ನಲ್ಲಿ ಬದುಕೋಕೆ 1,483 ಬೇಕು ಅಂತ ಆ ದೇಶದ ಸರ್ಕಾರವೇ 2025ರಲ್ಲಿ ಹೇಳಿತ್ತು. ಪ್ರತಿ ತಿಂಗಳೂ ಐನೂರು ಅರುನೂರು ಪೌಂಡ್ ಕೊರತೆ. ಆ ಕೊರತೆಯನ್ನ ಯಾರ ಹೊಟ್ಟೆಯಿಂದ ತುಂಬಬೇಕು?

ಅದೂ ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. 2025ರಲ್ಲಿ 106 ಜನರನ್ನ ಆಯ್ಕೆ ಮಾಡಿ, ಮೊದಲು 40 ಜನಕ್ಕೆ ಮಾತ್ರ ಪತ್ರ ಕೊಟ್ಟು, ಉಳಿದ 66 ಜನಕ್ಕೆ "ಹಣ ಲಭ್ಯವಿದ್ದರೆ" ಅಂದದ್ದು ನೆನಪಿದೆಯಾ? 2022ರಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಬಗ್ಗೆ ಓದೋ ಹಾಗಿಲ್ಲ ಅಂತ ನಿಯಮ ತಂದರು. ಜಾತಿಯ ಚರಿತ್ರೆ ಓದಬೇಕು ಅಂತ ಹೊರಟರೆ ಬಾಬಾಸಾಹೇಬರಿಗೇ ಇವತ್ತು ಈ ವಿದ್ಯಾರ್ಥಿವೇತನ ಸಿಗ್ತಿತ್ತೋ ಇಲ್ಲವೋ. ನಮ್ಮ ರಾಜ್ಯದಲ್ಲಿ ಪ್ರಿಯಾಂಕ್ ಖರ್ಗೆಯವರು ಸಮಾಜ ಕಲ್ಯಾಣ ಸಚಿವರಾಗಿದ್ದಾಗ ಶುರುವಾದ "ಪ್ರಬುದ್ಧ" ಯೋಜನೆ ಬಾಗಿಲು ತೆರೆದಿದೆ. ಅದನ್ನ ಉಳಿಸಿಕೊಳ್ಳೋದು, ಬೆಳೆಸೋದು ನಮ್ಮ ಕೆಲಸ.

1913ರ ಹನ್ನೊಂದೂವರೆ ಪೌಂಡ್‌ನಿಂದ ಇವತ್ತಿನ 825 ಪೌಂಡ್‌ವರೆಗೆ ಅಂಕಿ ಬದಲಾಗಿದೆ. ತರ್ಕ ಬದಲಾಗಿಲ್ಲ: ಇವರಿಗೆ ಸ್ವಲ್ಪ ಕಮ್ಮಿ ಕೊಟ್ಟರೂ ನಡೆಯುತ್ತೆ, ಇವರಿಗೆ ಹಸಿವು ಅಭ್ಯಾಸ ಇದೆ. ಬಾಬಾಸಾಹೇಬರ ಬ್ರೆಡ್ ತುಂಡನ್ನ ನಾವು ಹಾಡಿ ಹೊಗಳಿದಷ್ಟೂ ಆ ತರ್ಕಕ್ಕೆ ನಾವೇ ಸಾಕ್ಷಿ ಹೇಳಿದ ಹಾಗೆ ಆಗುತ್ತೆ. ಅವರು ಹಸಿದು ಓದಿದ್ದು ನಮ್ಮ ಮಕ್ಕಳೂ ಹಸಿದು ಓದಲಿ ಅಂತ ಅಲ್ಲ. ಇನ್ನು ಮೇಲೆ ವೇದಿಕೆಯಲ್ಲಿ ಆ ಬ್ರೆಡ್ ತುಂಡಿನ ಮಾತು ಬಂದಾಗ ನಾನು ಅದರ ಬಿಲ್ಲನ್ನೂ ಓದ್ತೀನಿ.

*

ಮೊನ್ನೆ ಭಾನುವಾರ ಆ ಮನೆಗೆ ಹೋಗಿದ್ದೆ. ಸ್ಲಂ ಬೋರ್ಡ್ ಕ್ವಾರ್ಟರ್ಸ್‌ನ ಎರಡನೇ ಮಹಡಿ. ಹುಡುಗಿ ಲ್ಯಾಪ್‌ಟಾಪ್ ಮುಂದೆ ಕೂತು ಅರ್ಜಿ ತುಂಬ್ತಿದ್ಲು. ಅಮ್ಮ ಗಾರ್ಮೆಂಟ್ಸ್‌ನಿಂದ ಓಟಿ ಮುಗಿಸಿ ಬಂದು ಟೀ ಇಟ್ಟರು. ನಾನು ಹಾಳೆ ತಗೊಂಡು ಖಾಲಿ ಸಾಲಲ್ಲಿ ಅಂಕಿ ಬರೆದೆ. ಅಪ್ಪ ನೋಡಿದ್ರು, ಏನೂ ಮಾತಾಡಲಿಲ್ಲ. ಅಮ್ಮನೇ ಕೇಳಿದ್ರು: "ಅಲ್ಲಿ ಮನೆ ಕೊಡೋವಾಗ ಯಾವ ಜನ ಅಂತ ಕೇಳ್ತಾರಾ ಅಣ್ಣ?"

"ಎಲ್ಲರೂ ಕೇಳಲ್ಲಮ್ಮ," ಅಂದೆ.

"ಹಂಗಾದ್ರೆ ಹೋಗ್ಲಿ ಬಿಡಿ. ದುಡ್ಡಿಂದು ನೋಡೋಣ."

ಅವರು ಚೀಟಿ ಎತ್ತೋಕೆ ರೆಡಿ ಇದ್ದಾರೆ. ಓಲೆ ಮಾರೋಕೂ ರೆಡಿ. ನೂರು ವರ್ಷದ ಹಿಂದೆ ಪರೇಲ್‌ನ ಚಾಳದಲ್ಲಿ ಆದದ್ದೇ ಲಗ್ಗೆರೆಯ ಕ್ವಾರ್ಟರ್ಸ್‌ನಲ್ಲೂ ಆಗಬೇಕಾ? ಆಗಬಾರದು ಅಂದ್ರೆ ಈ ಮೂರು ಕೆಲಸ ಆಗಬೇಕು.

ಒಂದು, ಸಾಗರೋತ್ತರ ವಿದ್ಯಾರ್ಥಿವೇತನದ ಭತ್ಯೆಯನ್ನ ಆಯಾ ದೇಶದ ವೀಸಾ ಲೆಕ್ಕಕ್ಕೆ, ಬೆಲೆ ಸೂಚ್ಯಂಕಕ್ಕೆ ಕಟ್ಟಬೇಕು, ಪ್ರತಿ ವರ್ಷ ತಾನಾಗಿ ಏರಬೇಕು. ಇದಕ್ಕೆ ಮನವಿ ಸಿದ್ಧ ಮಾಡ್ತಿದ್ದೀವಿ. ನಿಮ್ಮ ಸಂಸದರಿಗೆ ಅವರ ಕ್ಷೇತ್ರದ ಮತದಾರರಾಗಿ ನೀವೇ ಕೊಡಬೇಕು.

ಎರಡು, ಬ್ರಿಟನ್‌ನಲ್ಲಿ ಇರೋ ನಮ್ಮ ಬಂಧುಗಳೇ, ಹೋದ ಮಕ್ಕಳಿಗೆ ಮೊದಲ ಒಂದು ತಿಂಗಳು ಒಂದು ಕೋಣೆ, ಅದು ಆಗದಿದ್ದರೆ ಯಾವ ಏರಿಯಾದಲ್ಲಿ ಬಾಡಿಗೆ ಎಷ್ಟು, ಯಾವ ಮನೆ ತಗೋಬಾರದು ಅನ್ನೋ ಮಾಹಿತಿ ಕೊಡಿ. ನನಗೆ ಮೆಸೇಜ್ ಮಾಡಿ.

ಮೂರು, ನಮ್ಮ ಪ್ರತಿ ಜಯಂತಿ ಸಮಿತಿಯೂ ಬ್ಯಾನರ್, ಡಿಜೆ ಖರ್ಚಿನಲ್ಲಿ ನಾಲ್ಕನೇ ಒಂದು ಭಾಗ ಓದೋ ಮಕ್ಕಳ ನಿಧಿಗೆ ತೆಗೆದಿಡಲಿ. ಲಗ್ಗೆರೆಯಲ್ಲಿ ಈ ಏಪ್ರಿಲ್ 14ರಿಂದ ಶುರು ಮಾಡ್ತಿದ್ದೀವಿ. ಬೈಗುಳ ಬರುತ್ತೆ ಅಂತ ಗೊತ್ತು. ಬರಲಿ.

ಹುಡುಗಿಯ ವಿದ್ಯಾರ್ಥಿವೇತನದ ಫಲಿತಾಂಶ ಇನ್ನೂ ಬಂದಿಲ್ಲ. ಬಂದಾಗ ಇಲ್ಲೇ ಹಾಕ್ತೀನಿ.

ಜೈ ಭೀಮ್. ಜೈ ರಮಾಯಿ.